ಕಂಪನ ಪರಿಭಾಷೆ: ಇಂಗ್ಲಿಷ್–ರಷ್ಯನ್ ಅನುವಾದ

ಯಂತ್ರ, ಸೇತುವೆ, ಹಡಗು, ವಿಮಾನ, ರೇಡಿಯೊ ಮಂಡಲ, ಅಣು ಮೊದಲಾದವುಗಳ ಅದುರಾಟ, ತೂಗಾಟ, ನಡುಕಗಳನ್ನು ಹೆಸರಿಸುವ ತಾಂತ್ರಿಕ ಪದಗಳನ್ನು ಇಂಗ್ಲಿಷಿನಿಂದ ರಷ್ಯನ್ನಿಗೂ ರಷ್ಯನ್ನಿನಿಂದ ಇಂಗ್ಲಿಷಿಗೂ ತರುವ ಕೆಲಸ. ಕಂಪನಶಾಸ್ತ್ರದ 20ನೆಯ ಶತಮಾನದ ಬರವಣಿಗೆಯಲ್ಲಿ ದೊಡ್ಡ ಪಾಲು ಈ ಎರಡು ಭಾಷೆಗಳಲ್ಲಿದೆ. ಎರಡರಲ್ಲೂ ಪದಗಳಿಗೆ ಬಡತನವಿಲ್ಲ. ತೊಡಕಿರುವುದು ಬೇಲಿಗಳಲ್ಲಿ. ಒಂದು ಭಾಷೆ ಎರಡು ಹೊಲ ಮಾಡಿಕೊಂಡ ನೆಲವನ್ನು ಇನ್ನೊಂದು ಒಂದೇ ಹೊಲವಾಗಿ ಉತ್ತಿದೆ. ಮತ್ತೊಂದು ಕಡೆ ಇದೇ ತಿರುಗುಮುರುಗು. ನಿಘಂಟು ಜೋಡಿಪದ ಕೊಟ್ಟು ಸುಮ್ಮನಾಗುತ್ತದೆ, ಬೇಲಿ ಎಲ್ಲಿದೆ ಎಂದು ತೋರಿಸುವುದಿಲ್ಲ. ಅದನ್ನು ತೋರಿಸುವುದು ಪದದ ಮಗ್ಗುಲಲ್ಲಿರುವ ಸಂಕೇತ, ಏಕಮಾನ ಮತ್ತು ಸಮೀಕರಣ. ಈ ಕೆಲಸದಲ್ಲಿ ಪಳಗಿದವರು ವಾಕ್ಯವನ್ನು ಓದುವ ಮೊದಲೇ ಅವುಗಳ ಮೇಲೆ ಕಣ್ಣಾಡಿಸುತ್ತಾರೆ.

ಕೊಲೆಬಾನಿಯೆ, ವಿಬ್ರಾತ್ಸಿಯಾ

ಇಂಗ್ಲಿಷಿನ ಆಸಿಲೇಷನ್ ಮತ್ತು ವೈಬ್ರೇಷನ್ ಎರಡೂ ಲ್ಯಾಟಿನ್ ಮೂಲದವು. ರಷ್ಯನ್ನಿನಲ್ಲಿ ಇವಕ್ಕೆ ಎದುರಾಗಿ ನಿಲ್ಲುವುದು ಕೊಲೆಬಾನಿಯೆ ಮತ್ತು ವಿಬ್ರಾತ್ಸಿಯಾ. ಮೊದಲನೆಯದು ಸ್ಲಾವ್ ಮೂಲದ ಮನೆಮಾತು, ತೂಗು, ಅಲುಗಾಡಿಸು ಎಂಬರ್ಥದ ಕ್ರಿಯಾಪದದಿಂದ ಹುಟ್ಟಿದ್ದು. ಎರಡನೆಯದು ಪಶ್ಚಿಮ ಯೂರೋಪಿನಿಂದ ಬಂದ ಎರವಲು. ಆಸಿಲೇಷನ್ ಎಂದರೆ ಕೊಲೆಬಾನಿಯೆ, ವೈಬ್ರೇಷನ್ ಎಂದರೆ ವಿಬ್ರಾತ್ಸಿಯಾ ಎಂದು ಬರೆದಿಟ್ಟುಕೊಂಡ ಹೊಸಬ ಮೊದಲ ಪುಸ್ತಕದ ರಕ್ಷಾಪುಟದಲ್ಲೇ ಎಡವುತ್ತಾನೆ.

ಆ ಪುಸ್ತಕ ಸ್ತೆಪಾನ್ ತಿಮೊಶೆಂಕೊ ಅವರದು. 1878ರಲ್ಲಿ ಇಂದಿನ ಉಕ್ರೇನಿನಲ್ಲಿ ಹುಟ್ಟಿ, ಪೀಟರ್ಸ್‌ಬರ್ಗಿನಲ್ಲಿ ಓದಿ, 1922ರಲ್ಲಿ ಅಮೆರಿಕಕ್ಕೆ ಹೋದ ಈ ಎಂಜಿನಿಯರ್ 1928ರಲ್ಲಿ 'ವೈಬ್ರೇಷನ್ ಪ್ರಾಬ್ಲಮ್ಸ್ ಇನ್ ಎಂಜಿನಿಯರಿಂಗ್' ಎಂಬ ಗ್ರಂಥವನ್ನು ಇಂಗ್ಲಿಷಿನಲ್ಲಿ ಬರೆದರು. 1959ರಲ್ಲಿ ಅದು ಮಾಸ್ಕೊದಲ್ಲಿ ರಷ್ಯನ್ ಅನುವಾದವಾಗಿ ಬಂದಾಗ ಹೆಸರು 'ಕೊಲೆಬಾನಿಯಾ ವ್ ಇಂಝೆನೇರ್ನೊಮ್ ದೇಲೆ'. ವೈಬ್ರೇಷನ್ ಅಲ್ಲಿ ಕೊಲೆಬಾನಿಯಾ ಆಯಿತು, ಅದೂ ಬಹುವಚನದಲ್ಲಿ. ಎಂಜಿನಿಯರ್ ಡೆನ್ ಹಾರ್ಟೊಗ್ ಅವರ 1934ರ 'ಮೆಕ್ಯಾನಿಕಲ್ ವೈಬ್ರೇಷನ್ಸ್' ಕೂಡ 1960ರ ರಷ್ಯನ್ ಮುದ್ರಣದಲ್ಲಿ ಕೊಲೆಬಾನಿಯಾ ಆಗಿಯೇ ಹೊರಬಂತು. ಆದರೆ ರಷ್ಯಾದ ನೌಕಾ ಎಂಜಿನಿಯರ್ ಅಲೆಕ್ಸೇಯ್ ಕ್ರಿಲೋವ್ ಹಡಗಿನ ಒಡಲಿನ ಅದುರಾಟದ ಬಗ್ಗೆ 1936ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ 'ವಿಬ್ರಾತ್ಸಿಯಾ ಸುದೋವ್' ಎಂದೇ ಹೆಸರಿಟ್ಟರು. ಕ್ರಿಲೋವ್ ನ್ಯೂಟನ್ನನ 'ಪ್ರಿನ್ಸಿಪಿಯಾ'ವನ್ನು ಲ್ಯಾಟಿನ್ನಿನಿಂದ ರಷ್ಯನ್ನಿಗೆ ತಂದವರು. ಪದವನ್ನು ಅಳೆದು ತೂಗಿ ಇಡುವ ಮನುಷ್ಯ.

ಹಾಗಾದರೆ ನಿಯಮವೇನು? ಸೋವಿಯತ್ ಒಕ್ಕೂಟದ 1980ರ ರಾಜ್ಯಮಾನಕ ಗೋಸ್ತ್ 24346-80 ಒಂದು ಉತ್ತರ ಕೊಡುತ್ತದೆ. ಒಂದು ಬಿಂದುವಿನ ಅಥವಾ ಯಾಂತ್ರಿಕ ವ್ಯವಸ್ಥೆಯ ಯಾವ ಚಲನೆಯಲ್ಲಿ ಅದನ್ನು ವರ್ಣಿಸುವ ಪರಿಮಾಣಗಳು ಕೊಲೆಬಾನಿಯಾಕ್ಕೆ ಒಳಗಾಗುತ್ತವೆಯೋ ಆ ಚಲನೆ ವಿಬ್ರಾತ್ಸಿಯಾ. ಅಂದರೆ ಕೊಲೆಬಾನಿಯೆ ಒಂದು ಪರಿಮಾಣದ ಏರಿಳಿತ, ವಿಬ್ರಾತ್ಸಿಯಾ ಅಂಥ ಏರಿಳಿತ ತೋರುವ ಯಾಂತ್ರಿಕ ಚಲನೆ. ಮೊದಲನೆಯದು ವಿಶಾಲ, ಎರಡನೆಯದು ಅದರೊಳಗಿನ ಒಂದು ಕೋಣೆ. ಬಳಕೆಯಲ್ಲಿ ಇನ್ನೊಂದು ಛಾಯೆಯೂ ಸೇರಿಕೊಂಡಿದೆ. ಪಾರ (ಆಂಪ್ಲಿಟ್ಯೂಡ್) ಚಿಕ್ಕದು, ಆವೃತ್ತಿ ಹೆಚ್ಚು, ಕೈಯಿಟ್ಟರೆ ಜುಮ್ಮೆನ್ನುವಂಥದು ವಿಬ್ರಾತ್ಸಿಯಾ. ಗಡಿಯಾರದ ಲೋಲಕವನ್ನು ಯಾವ ರಷ್ಯನ್ನನೂ ಹಾಗೆ ಕರೆಯುವುದಿಲ್ಲ.

ಬೇಲಿ ಇಷ್ಟು ನೇರವಾಗಿದ್ದಿದ್ದರೆ ಅನುವಾದಕನಿಗೆ ಕೆಲಸ ಕಡಿಮೆಯಾಗುತ್ತಿತ್ತು. ಭೌತವಿಜ್ಞಾನಿ ಪ್ಯೋತ್ರ್ ಕಪಿತ್ಸಾ ತೂಗುಬಿಂದುವನ್ನು ವೇಗವಾಗಿ ಮೇಲೆ ಕೆಳಗೆ ಅದುರಿಸಿದರೆ ಲೋಲಕ ತಲೆಕೆಳಗಾಗಿಯೂ ಸ್ಥಿರವಾಗಿ ನಿಲ್ಲುತ್ತದೆ ಎಂಬುದನ್ನು 1951ರಲ್ಲಿ ಎರಡು ಲೇಖನಗಳಲ್ಲಿ ವಿವರಿಸಿದರು. ಒಂದರ ಶೀರ್ಷಿಕೆಯಲ್ಲಿ ತೂಗುಬಿಂದು ಕೊಲೆಬಾನಿಯೆಯ ಧಾತುವಿನ ವಿಶೇಷಣ ತೊಟ್ಟಿದೆ, ಇನ್ನೊಂದರಲ್ಲಿ ವಿಬ್ರಾತ್ಸಿಯಾದ್ದು. ಲೇಖಕ ಒಬ್ಬನೇ, ವರ್ಷ ಒಂದೇ, ಪ್ರಯೋಗವೂ ಒಂದೇ. ಮೊದಲನೆಯದು ವೃತ್ತಿಪರ ಭೌತವಿಜ್ಞಾನಿಗಳ ಪತ್ರಿಕೆಗೆ, ಎರಡನೆಯದು ವಿಶಾಲ ಓದುಗವರ್ಗದ ಪತ್ರಿಕೆಗೆ. ಇಂಗ್ಲಿಷಿಗೆ ತರುವಾಗ ಇಲ್ಲಿ ಎರಡು ಬೇರೆ ಪದ ಹುಡುಕುವುದು ವ್ಯರ್ಥ ನಿಷ್ಠೆ.

ರಸಾಯನಶಾಸ್ತ್ರಕ್ಕೆ ಹೋದರೆ ಲೆಕ್ಕ ಮತ್ತೆ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಅಣು ವೈಬ್ರೇಟ್ ಆಗುತ್ತದೆ, ಬೆಲೌಸೋವ್–ಝಬೊಟಿನ್ಸ್ಕಿ ದ್ರಾವಣ ಬಣ್ಣ ಬದಲಿಸುತ್ತ ಆಸಿಲೇಟ್ ಆಗುತ್ತದೆ. ರಷ್ಯನ್ನಿಗೆ ಎರಡೂ ಕೊಲೆಬಾನಿಯೆಯೇ. ಅಣುವಿನ ಕಂಪನ ರೋಹಿತಕ್ಕೆ ವಿಬ್ರಾತ್ಸಿಯಾದಿಂದ ಕಟ್ಟಿದ ವಿಶೇಷಣ ಹಚ್ಚಿದರೆ ಮಾಸ್ಕೊದ ರಸಾಯನಜ್ಞ ನಗುತ್ತಾನೆ. ಮಾರುಕಟ್ಟೆ ದರ, ದಿನದ ತಾಪಮಾನ ಇವುಗಳ ಏರಿಳಿತವೂ ಕೊಲೆಬಾನಿಯೆ. ಮನಸ್ಸಿನ ಹೊಯ್ದಾಟವೂ ಅದೇ. ಹೀಗಾಗಿ 'ಬೆಜ್ ಕೊಲೆಬಾನಿಯ್' ಎಂಬುದು ಎಂಜಿನಿಯರನ ವರದಿಯಲ್ಲಿ ಅದುರಾಟವಿಲ್ಲದೆ ಎಂದಾದರೆ ಆದೇಶಪತ್ರದಲ್ಲಿ ಹಿಂದೆಮುಂದೆ ನೋಡದೆ ಎಂದು. ಕನ್ನಡಿಗರಿಗೆ ಇದು ಹೊಸದೇನಲ್ಲ. ಉಯ್ಯಾಲೆಯಿಂದ ಬಂದ ಡೋಲಾಯಮಾನವನ್ನು ನಾವು ಮನಸ್ಸಿಗೇ ಮೀಸಲಿಟ್ಟಿದ್ದೇವೆ. ಅದೇ ಮೂಲದ ಆಂದೋಲನವನ್ನು ಪಠ್ಯಪುಸ್ತಕದಲ್ಲಿ ಲೋಲಕಕ್ಕೂ ಬೀದಿಯಲ್ಲಿ ಚಳವಳಿಗೂ ಕೊಟ್ಟಿದ್ದೇವೆ.

ಅವ್ತೊಕೊಲೆಬಾನಿಯಾದ ಪಯಣ

ಪಿಟೀಲಿನ ತಂತಿ ಕಮಾನಿನ ಎಳೆತದಿಂದ ನುಡಿಯುತ್ತದೆ. ಕಮಾನು ತಾನೇ ಹಿಂದೆಮುಂದೆ ನಡುಗುತ್ತಿಲ್ಲ, ಒಂದೇ ದಿಕ್ಕಿಗೆ ಸಾಗುತ್ತಿದೆ. ಆ ಏಕಮುಖ ಎಳೆತದಿಂದ ತಂತಿ ತನ್ನದೇ ಲಯದ ಕಂಪನವನ್ನು ಹೆಕ್ಕಿಕೊಳ್ಳುತ್ತದೆ. ಕೀಲಿ ಕೊಟ್ಟ ಗಡಿಯಾರದ ಲೋಲಕ, ಕಿರುಗುಟ್ಟುವ ಬಾಗಿಲು, ಲೇತಿನಲ್ಲಿ ನಡುಗುವ ಟೂಲು ಎಲ್ಲವೂ ಈ ಜಾತಿ. ಮಾಸ್ಕೊದಲ್ಲಿ ಲಿಯೊನಿದ್ ಮಂದೆಲ್ಷ್ತಾಮ್ ಅವರ ಶಿಷ್ಯರಾಗಿದ್ದ ಅಲೆಕ್ಸಾಂದ್ರ್ ಅಂದ್ರೊನೋವ್ 1920ರ ದಶಕದ ಕೊನೆಯಲ್ಲಿ ಇದಕ್ಕೆ ಅವ್ತೊಕೊಲೆಬಾನಿಯಾ ಎಂದು ಹೆಸರಿಟ್ಟರು. ಫ್ರೆಂಚ್ ಗಣಿತಜ್ಞ ಪ್ವಾಂಕರೆಯ ಮಿತಿಚಕ್ರಗಳಿಗೂ (ಸುತ್ತಲಿನ ಪಥಗಳು ಬಂದು ಸೇರುವ ಮುಚ್ಚಿದ ಪಥಗಳಿಗೂ) ಇದಕ್ಕೂ ಇರುವ ನಂಟನ್ನು ಅವರು ತೋರಿಸಿದ 1929ರ ಟಿಪ್ಪಣಿ ಪ್ಯಾರಿಸ್ಸಿನ ಅಕಾಡೆಮಿಯ ಪತ್ರಿಕೆಯಲ್ಲಿ ಫ್ರೆಂಚಿನಲ್ಲಿ ಬಂತು. ಅಲ್ಲಿ ಬಳಸಿದ ಪದಗುಚ್ಛಕ್ಕೆ ತನ್ನನ್ನು ತಾನೇ ಪೋಷಿಸಿಕೊಳ್ಳುವ ಆಂದೋಲನ ಎಂದರ್ಥ.

ಇಂಗ್ಲಿಷಿನಲ್ಲಿ ಇದಕ್ಕೆ ಒಂದೇ ಹೆಸರು ನೆಲೆಗೊಳ್ಳಲಿಲ್ಲ. ಭೌತವಿಜ್ಞಾನಿಗಳು ಸೆಲ್ಫ್ ಆಸಿಲೇಷನ್ ಅಥವಾ ಸೆಲ್ಫ್ ಸಸ್ಟೇನ್ಡ್ ಆಸಿಲೇಷನ್ ಎಂದರು, ಯಂತ್ರ ಎಂಜಿನಿಯರುಗಳು ಸೆಲ್ಫ್ ಎಕ್ಸೈಟೆಡ್ ವೈಬ್ರೇಷನ್ ಎಂದರು. ಎಕ್ಸೈಟೆಡ್ ಎಂಬ ಪದ ಕಂಪನ ತಾನೇ ಹೇಗೆ ಶುರುವಾಯಿತೆಂಬುದರ ಕಡೆ ಬೆರಳು ಮಾಡುತ್ತದೆ, ಸಸ್ಟೇನ್ಡ್ ಎಂಬುದು ತಾನೇ ಹೇಗೆ ಉಳಿಯಿತೆಂಬುದರ ಕಡೆ. ಅಂದ್ರೊನೋವ್ ಅವರಿಗೆ ಮುಖ್ಯವಾಗಿದ್ದದ್ದು ಉಳಿಯುವಿಕೆ. ಕೆಲವು ಗಡಿಯಾರಗಳ ಲೋಲಕವನ್ನು ಮೊದಲು ಕೈಯಿಂದ ತಳ್ಳಲೇಬೇಕು; ಅದು ತಾನಾಗಿ ಶುರುವಾಗದು, ಆದರೂ ಅದು ಅವ್ತೊಕೊಲೆಬಾನಿಯಾವೇ. ಆ ಗಡಿಯಾರಕ್ಕೆ ಸೆಲ್ಫ್ ಎಕ್ಸೈಟೆಡ್ ಎಂದು ಬರೆದ ಅನುವಾದ ನಿಘಂಟಿನ ಪ್ರಕಾರ ಸರಿ, ಭೌತಶಾಸ್ತ್ರದ ಪ್ರಕಾರ ತಪ್ಪು.

ಅಂದ್ರೊನೋವ್ ಅವರು ಅಲೆಕ್ಸಾಂದ್ರ್ ವಿತ್ ಮತ್ತು ಸೆಮ್ಯೊನ್ ಖೈಕಿನ್ ಜೊತೆ ಬರೆದ 'ತೆಓರಿಯಾ ಕೊಲೆಬಾನಿಯ್' 1937ರಲ್ಲಿ ಪ್ರಕಟವಾದಾಗ ರಕ್ಷಾಪುಟದಲ್ಲಿದ್ದದ್ದು ಎರಡೇ ಹೆಸರು. ಸ್ತಾಲಿನ್ ಕಾಲದ ಬಂಧನಗಳಲ್ಲಿ ಸಿಕ್ಕಿಕೊಂಡ ವಿತ್ ಅವರ ಹೆಸರನ್ನು ಕಿತ್ತುಹಾಕಲಾಗಿತ್ತು. ಅವರು 1938ರಲ್ಲಿ ಸೆರೆಯಲ್ಲೇ ತೀರಿಕೊಂಡರು. 1949ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮುದ್ರಣಾಲಯ ಅದನ್ನು ಇಂಗ್ಲಿಷಿಗೆ ತಂದಾಗಲೂ ಎರಡೇ ಹೆಸರು. ಅನುವಾದ ಮೂಲದ ಪದಗಳ ಜೊತೆ ಮೂಲದ ಮೌನವನ್ನೂ ಹೊತ್ತು ತಂದಿತು. 1959ರ ಎರಡನೆಯ ರಷ್ಯನ್ ಮುದ್ರಣದಲ್ಲಿ ವಿತ್ ಮರಳಿದರು. ಅದರಿಂದಾದ 1966ರ ಇಂಗ್ಲಿಷ್ ಆವೃತ್ತಿಯ ಹೆಸರು ಮಾತ್ರ ಹಿಂದಿನದಲ್ಲ, 'ಥಿಯರಿ ಆಫ್ ಆಸಿಲೇಟರ್ಸ್'. ಕಂಪನದ ಸಿದ್ಧಾಂತ ಕಂಪಿಸುವ ಸಾಧನದ ಸಿದ್ಧಾಂತವಾಯಿತು. ಗ್ರಂಥಾಲಯದಲ್ಲಿ ಇವೆರಡನ್ನೂ ಬೇರೆ ಬೇರೆ ಪುಸ್ತಕವೆಂದು ತಿಳಿದವರು ಕಡಿಮೆಯಿರಲಾರರು.

ಆಸಿಲೇಟರ್ ಎಂಬ ಪದವೂ ಒಂದು ಬಲೆ. ರೇಡಿಯೊದಲ್ಲಿ ಸಂಕೇತವನ್ನು ಹುಟ್ಟಿಸುವ ಆಸಿಲೇಟರಿಗೆ ರಷ್ಯನ್ ಹೆಸರು ಗೆನೆರಾತೊರ್. ಒಸ್ತ್ಸಿಲ್ಯಾತೊರ್ ಎಂಬ ಪದವೂ ಇದೆ, ಆದರೆ ಅದು ಭೌತವಿಜ್ಞಾನಿಯ ಕಾಗದದ ಮೇಲಿನ ಸ್ಪ್ರಿಂಗು–ತೂಕದಂಥ ಮಾದರಿಗೆ. ರಷ್ಯನ್ ಗೆನೆರಾತೊರ್ ಕಂಡ ಕೂಡಲೇ ಜನರೇಟರ್ ಎಂದು ಬರೆದರೆ ಅಂಗೈಯಗಲದ ರೇಡಿಯೊ ಮಂಡಲ ವಿದ್ಯುತ್ ಕೇಂದ್ರದ ಯಂತ್ರವಾಗಿಬಿಡುತ್ತದೆ.

ಪ್ರಿನ್ಸ್‌ಟನ್ನಿನ ಆ ಆವೃತ್ತಿಯ ಹಿಂದಿದ್ದವರು ಗಣಿತಜ್ಞ ಸಾಲಮನ್ ಲೆಫ್ಶೆಟ್ಸ್. ಮಾಸ್ಕೊದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದವರು, 1907ರ ಕಾರ್ಖಾನೆ ಅವಘಡದಲ್ಲಿ ಎರಡೂ ಕೈ ಕಳೆದುಕೊಂಡ ಮೇಲೆ ಗಣಿತಕ್ಕೆ ಬಂದವರು. ಕೀವ್ ನಗರದ ನಿಕೊಲಾಯ್ ಕ್ರಿಲೋವ್ ಮತ್ತು ನಿಕೊಲಾಯ್ ಬೊಗೊಲ್ಯೂಬೊವ್ ಅವರ ಅರೇಖೀಯ ಯಂತ್ರಶಾಸ್ತ್ರದ ಗ್ರಂಥವನ್ನು ಅವರು 1943ರಲ್ಲೇ ಇಂಗ್ಲಿಷಿಗೆ ತಂದಿದ್ದರು, ಸ್ವತಂತ್ರ ಅನುವಾದವೆಂದು ಮುಖಪುಟದಲ್ಲೇ ಒಪ್ಪಿಕೊಂಡು. ಈ ಕ್ರಿಲೋವ್ ಬೇರೆ, ಹಡಗಿನ ಕ್ರಿಲೋವ್ ಬೇರೆ. ಲ್ಯಾಟಿನ್ ಲಿಪಿಯಲ್ಲಿ ಒಬ್ಬರ ಹೆಸರೇ ಎರಡು ಮೂರು ಬಗೆಯಲ್ಲಿ ಅಚ್ಚಾಗಿದೆ. ಖೈಕಿನ್ 1949ರಲ್ಲಿ ಚೈಕಿನ್ ಆದರು, ವಾಯುಗತಿಶಾಸ್ತ್ರಜ್ಞ ಝುಕೋವ್ಸ್ಕಿ ಜರ್ಮನ್–ಫ್ರೆಂಚ್ ಹಾದಿಯಲ್ಲಿ ಜೂಕೌಸ್ಕಿ ಆದರು, ಗಣಿತಜ್ಞ ಲ್ಯಾಪುನೊವ್ ಫ್ರೆಂಚಿನಲ್ಲಿ ಲಿಯಾಪುನೋಫ್ ಆದರು. ಪರಿಭಾಷೆಯ ಅನುವಾದಕ ಅರ್ಧದಷ್ಟು ಹೊತ್ತನ್ನು ಹೆಸರು ಹುಡುಕುವುದರಲ್ಲೇ ಕಳೆಯುತ್ತಾನೆ.

ಅಂಕಿಯನ್ನೇ ಕೆಡಿಸುವ ಪದಗಳು

ತಪ್ಪು ಪದ ವಾಕ್ಯವನ್ನು ವಿಕಾರಗೊಳಿಸಿದರೆ ಓದುಗ ಎಚ್ಚರಗೊಳ್ಳುತ್ತಾನೆ. ವಾಕ್ಯ ಸೊಗಸಾಗಿಯೇ ಇದ್ದು ಲೆಕ್ಕ ಮಾತ್ರ ಕೆಡುವಂಥ ಪದಗಳು ಹೆಚ್ಚು ಅಪಾಯಕಾರಿ.

ಅವುಗಳಲ್ಲಿ ಮೊದಲ ಸ್ಥಾನ ತ್ಸಿಕ್ಲಿಚೆಸ್ಕಾಯಾ ಚಾಸ್ತೊತಾಕ್ಕೆ. ಅಕ್ಷರಶಃ ಇದು ಸೈಕ್ಲಿಕ್ ಫ್ರೀಕ್ವೆನ್ಸಿ. ಇಂಗ್ಲಿಷಿನಲ್ಲಿ ಹಾಗೆಂದರೆ ಸೆಕೆಂಡಿಗೆ ಎಷ್ಟು ಸುತ್ತು ಎಂಬ ಹರ್ಟ್ಸ್ ಲೆಕ್ಕ. ರಷ್ಯನ್ ಭೌತಶಾಸ್ತ್ರದಲ್ಲಿ ಅದೇ ಪದ ಒಮೇಗಾ ಎಂಬ ಕೋನೀಯ ಆವೃತ್ತಿಗೆ, ಅಂದರೆ ಸೆಕೆಂಡಿಗೆ ಎಷ್ಟು ರೇಡಿಯನ್ ಎಂಬುದಕ್ಕೆ. ನಡುವಿನ ಅಂತರ ಎರಡು ಪೈ ಪಟ್ಟು, ಸುಮಾರು 6.28. ನಮ್ಮ ಮನೆಗೆ ಬರುವ ವಿದ್ಯುತ್ತು 50 ಹರ್ಟ್ಸ್. ರಷ್ಯನ್ ಪುಸ್ತಕದಲ್ಲಿ ಅದರ ತ್ಸಿಕ್ಲಿಚೆಸ್ಕಾಯಾ ಚಾಸ್ತೊತಾ 314. ಇಲ್ಲಿ ಪದವನ್ನು ನಂಬಿದವನು ಕೆಟ್ಟ, ಏಕಮಾನ ನೋಡಿದವನು ಉಳಿದ.

ಎರಡನೆಯದು ಪಾರದ ಕಥೆ. ಅಂಪ್ಲಿತೂದಾ ಮತ್ತು ಆಂಪ್ಲಿಟ್ಯೂಡ್ ಒಂದೇ: ನಡುರೇಖೆಯಿಂದ ತುತ್ತತುದಿಯವರೆಗೆ. ಈ ತುದಿಯಿಂದ ಆ ತುದಿಯವರೆಗಿನ ಪೂರ್ತಿ ಅಳತೆಗೆ ರಷ್ಯನ್ನಿನಲ್ಲಿ ರಜ್ಮಾಖ್ ಎಂಬ ಚೆಲುವಾದ ಪದವಿದೆ, ರೆಕ್ಕೆ ಬೀಸುವ, ತೋಳು ಬೀಸುವ ಹರವು ಎಂಬ ಅರ್ಥದ್ದು. ಇಂಗ್ಲಿಷಿನ ಪೀಕ್ ಟು ಪೀಕ್ ಅದರ ಮುಂದೆ ಸಪ್ಪೆ. ಹಳೆಯ ಸೋವಿಯತ್ ಟರ್ಬೈನ್ ಕಾಗದಗಳಲ್ಲಿ ಇದನ್ನೇ ಜೋಡಿ ಪಾರ ಎಂದೂ ಬರೆದಿರುತ್ತಾರೆ. ಆ ಜೋಡಿ ಎಂಬ ವಿಶೇಷಣ ಅನುವಾದದಲ್ಲಿ ಬಿದ್ದುಹೋದರೆ ಅಳತೆ ನೇರ ಎರಡು ಪಟ್ಟು ತಪ್ಪುತ್ತದೆ. ಮುಂದೆ ಮೈಕ್ರೋಮೀಟರಿನ ರಜ್ಮಾಖ್ ಬದಲು ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಎಂಬ ವೇಗದ ಆರ್‌ಎಂಎಸ್ (ವರ್ಗಗಳ ಸರಾಸರಿಯ ವರ್ಗಮೂಲ) ಮೌಲ್ಯವನ್ನು ಅಳೆಯುವ ರೂಢಿ ಬಂತು. ಆರ್‌ಎಂಎಸ್‌ಗೆ ರಷ್ಯನ್ ಸಂಕ್ಷೇಪ ಎಸ್–ಕಾ–ಜೆ. ಗ್ಯಾಸ್ ಪೈಪ್‌ಲೈನಿನ ಕಂಪ್ರೆಸರ್ ಕೇಂದ್ರಗಳ ಕಾಗದದಲ್ಲಿ ಅದೇ ಮೂರಕ್ಷರ ತುಕ್ಕು ತಡೆಯುವ ಕ್ಯಾಥೋಡಿಕ್ ರಕ್ಷಣಾ ಕೇಂದ್ರಕ್ಕೂ ನಿಲ್ಲುತ್ತದೆ. ಎರಡೂ ಒಂದೇ ವರದಿಯಲ್ಲಿ ಬರುವುದು ಅಸಂಭವವೇನಲ್ಲ.

ಮೂರನೆಯದು ಕರ್ನಾಟಕದ ವಿದ್ಯಾರ್ಥಿಗಳ ಮೇಜಿನ ಮೇಲೇ ಇದೆ. ಇಗೊರ್ ಇರೊದೊವ್ ಅವರ ಭೌತಶಾಸ್ತ್ರ ಸಮಸ್ಯೆಗಳ ಪುಸ್ತಕ ಮಾಸ್ಕೊದ ಮಿರ್ ಪ್ರಕಾಶನದ ಇಂಗ್ಲಿಷ್ ಅನುವಾದದಲ್ಲಿ ಭಾರತಕ್ಕೆ ಬಂದು, ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಕೂರುವವರ ಕೈಪಿಡಿಯಾಯಿತು. ಅದರಲ್ಲಿ ಡ್ಯಾಂಪಿಂಗ್ ಕೋಎಫಿಶಿಯೆಂಟ್ ಎಂದು ಬೀಟಾ ಬರುತ್ತದೆ. ಅದೇ ವಿದ್ಯಾರ್ಥಿ ಎರಡು ವರ್ಷ ಬಿಟ್ಟು ಮೆಕ್ಯಾನಿಕಲ್ ಎಂಜಿನಿಯರಿಂಗ್ ತರಗತಿಯಲ್ಲಿ ಕೂತಾಗ ಅದೇ ಡ್ಯಾಂಪಿಂಗ್ ಕೋಎಫಿಶಿಯೆಂಟ್ ಸಿ ಎಂಬ ಅಕ್ಷರ ಹೊತ್ತು ಬರುತ್ತದೆ. ಇರೊದೊವ್‌ನ ಬೀಟಾದ ಏಕಮಾನ ಪ್ರತಿ ಸೆಕೆಂಡು, ತರಗತಿಯ ಸಿ ಎಂಬುದರ ಏಕಮಾನ ಮೀಟರಿಗೆ ನ್ಯೂಟನ್–ಸೆಕೆಂಡು. ಸಿಯನ್ನು ದ್ರವ್ಯರಾಶಿಯ ಎರಡರಷ್ಟರಿಂದ ಭಾಗಿಸಿದರೆ ಬೀಟಾ. ಕಾರಣ ಅನುವಾದದಲ್ಲಿದೆ. ರಷ್ಯನ್ನಿನಲ್ಲಿ ಕಂಪನ ಆರಿಹೋಗುವುದಕ್ಕೆ ಜತುಖಾನಿಯೆ ಎಂಬ ಪದ, ದೀಪ ನಂದಿದಂತೆ ಎಂಬ ಚಿತ್ರದೊಂದಿಗೆ. ಆರಿಸುವ ಕ್ರಿಯೆಗೆ ದೆಂಫಿರೊವಾನಿಯೆ ಎಂಬ ಎರವಲು. ಒಂದು ಫಲ, ಇನ್ನೊಂದು ಕಾರಣ. ಇಂಗ್ಲಿಷ್ ಅನುವಾದದಲ್ಲಿ ಎರಡೂ ಡ್ಯಾಂಪಿಂಗ್ ಆಗಿ ಸೇರಿಹೋದವು. ಆ ಪುಸ್ತಕದ ಲಾಗರಿದಮಿಕ್ ಡ್ಯಾಂಪಿಂಗ್ ಡಿಕ್ರಿಮೆಂಟ್ ಎಂಬುದೂ ರಷ್ಯನ್ನಿನ ಅಚ್ಚು. ಇಂಗ್ಲಿಷ್ ಪುಸ್ತಕಗಳು ನಡುವಿನ ಪದವನ್ನು ಬಿಟ್ಟು ಲಾಗರಿದಮಿಕ್ ಡಿಕ್ರಿಮೆಂಟ್ ಎನ್ನುತ್ತವೆ.

ಡೆಸಿಬೆಲ್ ಬಂದಾಗ ಪದವೇ ನಿರ್ದೋಷಿ. ಕಂಪನ ವೇಗದ ಮಟ್ಟವನ್ನು ಡೆಸಿಬೆಲ್ಲಿನಲ್ಲಿ ಹೇಳಲು ಒಂದು ಆಧಾರವೇಗ ಬೇಕು. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 1683 ಹೇಳುವುದು ಸೆಕೆಂಡಿಗೆ 1 ನ್ಯಾನೊಮೀಟರ್. ಸೋವಿಯತ್ ಔದ್ಯೋಗಿಕ ನೈರ್ಮಲ್ಯದ ಕಟ್ಟಳೆಗಳು ಹಿಡಿದದ್ದು 50 ನ್ಯಾನೊಮೀಟರ್. ಐವತ್ತು ಪಟ್ಟಿನ ಈ ವ್ಯತ್ಯಾಸ ಡೆಸಿಬೆಲ್ಲಿನಲ್ಲಿ 34 ಆಗುತ್ತದೆ. ಸೆಕೆಂಡಿಗೆ 2 ಮಿಲಿಮೀಟರ್ ವೇಗದಲ್ಲಿ ಅದುರುವ ನೆಲ ಒಂದು ಲೆಕ್ಕದಲ್ಲಿ 92 ಡೆಸಿಬೆಲ್, ಇನ್ನೊಂದರಲ್ಲಿ 126. ಅನುವಾದಕ ಒಂದಕ್ಷರವನ್ನೂ ತಪ್ಪದೆ ಬರೆದು ಒಂದು ಕಾರ್ಖಾನೆಯನ್ನು ಸುರಕ್ಷಿತವೆಂದೋ ಅಪಾಯಕಾರಿಯೆಂದೋ ತಪ್ಪಾಗಿ ಸಾರಬಹುದು. ರಷ್ಯನ್ನಿನಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಹಾಕುವ ರೂಢಿಯನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ನಾಲ್ಕೂವರೆಯನ್ನು ಅಲ್ಲಿ 4,5 ಎಂದು ಬರೆಯುತ್ತಾರೆ.

ಯಂತ್ರದ ಮಗ್ಗುಲ ಮಾತು

ಕಾರ್ಖಾನೆಯ ಪದಗಳು ಪುಸ್ತಕದ ಪದಗಳಿಗಿಂತ ಒರಟು, ಹಾಗಾಗಿ ಹೆಚ್ಚು ಜಾರುತ್ತವೆ. ಬಿಯೇನಿಯೆ ಎಂದರೆ ಬಡಿತ. ಹತ್ತಿರದ ಆವೃತ್ತಿಯ ಎರಡು ನಾದಗಳು ಕೂಡಿ ಏರಿ ಇಳಿಯುವುದಕ್ಕೆ ಇಂಗ್ಲಿಷ್ ಬೀಟ್ಸ್ ಎನ್ನುವಂತೆ ರಷ್ಯನ್ ಬಿಯೇನಿಯಾ ಎನ್ನುತ್ತದೆ. ಇಲ್ಲಿ ಇಬ್ಬರೂ ಒಂದೇ. ಆದರೆ ಶಾಫ್ಟಿನ ಬಿಯೇನಿಯೆ ಎಂದರೆ ಶಾಫ್ಟು ತಿರುಗುವಾಗ ಅದರ ಮೈ ನಡುರೇಖೆಯಿಂದ ಆಚೀಚೆ ಸರಿಯುವುದು, ಡಯಲ್ ಗೇಜ್ ಇಟ್ಟು ನೋಡುವಂಥದು. ಲೇತಿನ ಮುಂದೆ ನಿಂತವರು ಅದನ್ನು ರನ್ಔಟ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಶಾಫ್ಟ್ ಬೀಟ್ ಎಂದು ಬರೆದರೆ ಫಿಟ್ಟರನಿಗೆ ತಲೆಬುಡ ತಿಳಿಯದು.

ಹಿಮ್ಮುಖವಾಗಿ, ರೋಟರು ತನ್ನ ಸುತ್ತ ತಿರುಗುತ್ತಲೇ ಅದರ ನಡು ಇನ್ನೊಂದು ಪುಟ್ಟ ವರ್ತುಲದಲ್ಲಿ ಸುತ್ತುವುದಕ್ಕೆ ಇಂಗ್ಲಿಷಿನಲ್ಲಿ ವರ್ಲ್ ಎಂಬ ಹೆಸರು. ನಿಘಂಟು ತೆರೆದರೆ ಸುಳಿ ಎಂಬರ್ಥದ ವೀಖ್ರ್ ಸಿಗುತ್ತದೆ, ಅದು ನೀರಿಗೆ ಗಾಳಿಗೆ ಸಂಬಂಧಿಸಿದ್ದು. ರೋಟರಿನವರು ಬಳಸುವುದು ಪ್ರೆತ್ಸೆಸ್ಸಿಯಾ, ಬುಗುರಿಯ ತಲೆ ಸುತ್ತುವುದಕ್ಕೆ ಭೌತಶಾಸ್ತ್ರ ಕೊಟ್ಟ ಅದೇ ಪದ. ತಿರುಗುವ ದಿಕ್ಕಿನಲ್ಲೇ ಸುತ್ತಿದರೆ ನೇರ ಪ್ರೆತ್ಸೆಸ್ಸಿಯಾ, ಎದುರು ದಿಕ್ಕಿನಲ್ಲಾದರೆ ಹಿಮ್ಮುಖ.

ಬ್ಯಾಲೆನ್ಸಿಂಗ್ ವಿಷಯದಲ್ಲಿ ರಷ್ಯನ್ ಹೆಚ್ಚು ಶಿಸ್ತಿನದು. ಗೋಸ್ತ್ 19534-74 ಎರಡು ಪದಗಳನ್ನು ಬೇರ್ಪಡಿಸುತ್ತದೆ. ರೋಟರು ಸಮತೋಲ ತಪ್ಪಿದ ಸ್ಥಿತಿಗೆ ನೆಉರಾವ್ನೊವೇಶೆನ್ನೊಸ್ತ್ ಎಂಬ ನಾಲಿಗೆ ತೊಡರುವ ಹೆಸರು. ಆ ತಪ್ಪಿನ ಅಳತೆಗೆ, ಅಂದರೆ ಹೆಚ್ಚುವರಿ ತೂಕವನ್ನು ನಡುವಿನಿಂದ ಅದರ ದೂರಕ್ಕೆ ಗುಣಿಸಿ ಬರುವ ದಿಕ್ಕುಳ್ಳ ಪರಿಮಾಣಕ್ಕೆ, ದಿಸ್‌ಬಲಾನ್ಸ್. ಇಂಗ್ಲಿಷಿನಲ್ಲಿ ಎರಡಕ್ಕೂ ಅನ್‌ಬ್ಯಾಲೆನ್ಸ್ ಸಾಕು. ಇಂಗ್ಲಿಷಿನಿಂದ ರಷ್ಯನ್ನಿಗೆ ಹೋಗುವಾಗ ಪ್ರತಿ ಸಲವೂ ನಿಂತು, ಇದು ಕಾಯಿಲೆಯೋ ಜ್ವರದ ಅಂಕಿಯೋ ಎಂದು ಕೇಳಿಕೊಳ್ಳಬೇಕು.

ಉದಾರ್ ಎಂಬ ರಷ್ಯನ್ ಪದಕ್ಕೂ ಕನ್ನಡದ ಉದಾರಕ್ಕೂ ಏನೂ ಸಂಬಂಧವಿಲ್ಲ, ಅದು ಹೊಡೆತ. ಇಂಗ್ಲಿಷಿನ ಶಾಕ್, ಇಂಪ್ಯಾಕ್ಟ್ ಎರಡೂ ಅಲ್ಲಿ ಉದಾರ್. ಕೊಳವೆಯ ನೀರನ್ನು ಥಟ್ಟನೆ ನಿಲ್ಲಿಸಿದಾಗ ಆಗುವ ವಾಟರ್ ಹ್ಯಾಮರ್ ಕೂಡ ಜಲದ ಉದಾರ್. 19ನೆಯ ಶತಮಾನದ ಕೊನೆಯಲ್ಲಿ ಮಾಸ್ಕೊದ ನೀರಿನ ಕೊಳವೆಗಳ ಮೇಲೆ ಝುಕೋವ್ಸ್ಕಿ ಅದನ್ನು ಅಳೆದು ಲೆಕ್ಕ ಕಟ್ಟಿದರು. ಇಂಪುಲ್ಸ್ ಇನ್ನೂ ಹೊಟ್ಟೆಬಾಕ: ಪಲ್ಸ್, ಇಂಪಲ್ಸ್ ಎರಡನ್ನೂ ನುಂಗಿ, ಭೌತಶಾಸ್ತ್ರದಲ್ಲಿ ಮೊಮೆಂಟಮ್ ಅನ್ನೂ ನುಂಗಿದೆ. ಬಲದ ಇಂಪುಲ್ಸ್ ಎಂದಿದ್ದರೆ ಒಂದು, ಕಾಯದ ಇಂಪುಲ್ಸ್ ಎಂದಿದ್ದರೆ ಇನ್ನೊಂದು, ವಿದ್ಯುತ್ತಿನದಾದರೆ ಮತ್ತೊಂದು. ಪಕ್ಕದ ಪದವನ್ನು ಬಿಟ್ಟು ಅನುವಾದಿಸುವಂತಿಲ್ಲ.

ಅತಿ ಹೆಚ್ಚು ಜನರನ್ನು ಬೀಳಿಸಿದ ಗುಂಡಿ ಬಹುಶಃ ಕೊಂತ್ರೋಲ್. ಅದು ಕಂಟ್ರೋಲ್ ಅಲ್ಲ, ತಪಾಸಣೆ. ಇಂಗ್ಲಿಷಿನ ಕಂಟ್ರೋಲಿಗೆ ರಷ್ಯನ್ನಿನಲ್ಲಿ ಉಪ್ರವ್ಲೇನಿಯೆ. ಕಂಪನದ ಕೊಂತ್ರೋಲ್ ಎಂದರೆ ಮೀಟರ್ ಇಟ್ಟು ನೋಡುತ್ತಿರುವುದು, ಅದನ್ನು ತಗ್ಗಿಸುವುದಲ್ಲ. ವೈಬ್ರೇಷನ್ ಕಂಟ್ರೋಲ್ ಮಾಡುತ್ತಿದ್ದೇವೆ ಎಂದು ಇಂಗ್ಲಿಷಿನಲ್ಲಿ ಅಚ್ಚಾದ ವಾಕ್ಯದ ಮೂಲದಲ್ಲಿ ಬರೀ ಅಳೆಯುತ್ತಿದ್ದೇವೆ ಎಂದಿರಬಹುದು. ಗುತ್ತಿಗೆ ಪತ್ರದಲ್ಲಿ ಇದು ಹಣದ ಮಾತು.

ಇದೇ ಬಗೆಯ ಕಿರು ತೊಡಕುಗಳು ಇನ್ನೂ ಇವೆ. ಕಂಪನ ಪರೀಕ್ಷೆಯ ಎಕ್ಸೈಟರೂ ವಿದ್ಯುತ್ ಕೇಂದ್ರದ ಜನರೇಟರಿಗೆ ಕಾಂತಕ್ಷೇತ್ರ ಕೊಡುವ ಎಕ್ಸೈಟರೂ ಎರಡು ಭಾಷೆಗಳಲ್ಲೂ ಒಂದೇ ಹೆಸರಿನವು, ಆದ್ದರಿಂದ ಪದ ಸರಿಯಿದ್ದೂ ಓದುಗ ದಾರಿ ತಪ್ಪುತ್ತಾನೆ. ಅಮೊರ್ತಿಜಾತೊರ್ ವಾಹನದ ಶಾಕ್ ಅಬ್ಸಾರ್ಬರು. ಅದರ ನಂಟ ಅಮೊರ್ತಿಜಾತ್ಸಿಯಾ ಲೆಕ್ಕಪತ್ರದಲ್ಲಿ ಯಂತ್ರದ ಸವಕಳಿ. ಮೋಡ್ ಎಂಬ ಇಂಗ್ಲಿಷ್ ಪದ ರಷ್ಯನ್ನಿನಲ್ಲಿ ಕಂಪನದ ಆಕಾರವಾದರೆ ಫೋರ್ಮಾ, ಅಲೆಯದಾದರೆ ಮೋದಾ, ಯಂತ್ರ ಓಡುವ ಸ್ಥಿತಿಯಾದರೆ ರೆಝೀಮ್. ರಿಲೇ ಸಂಪರ್ಕದ ಚಾಟರ್ ದ್ರೇಬೆಜ್ಗ್, ಗಾಜಿನ ಲೋಟಗಳು ಕಿಣಿಗುಟ್ಟುವ ಸದ್ದು.

ಸೈಬೀರಿಯಾದ ಸಯಾನೊ–ಶೂಷೆನ್ಸ್ಕಾಯಾ ಜಲವಿದ್ಯುತ್ ಕೇಂದ್ರದಲ್ಲಿ 2009ರ ಆಗಸ್ಟ್ 17ರಂದು ಎರಡನೆಯ ಘಟಕ ಸಿಡಿದು 75 ಜನ ಸತ್ತರು. ಕಂಪನದಿಂದ ಬಳಲಿದ ಟರ್ಬೈನ್ ಮುಚ್ಚಳದ ಶ್ಪಿಲ್ಕಾಗಳು ತುಂಡಾಗಿದ್ದವು. ಶ್ಪಿಲ್ಕಾ ಎಂದರೆ ಮನೆಯಲ್ಲಿ ಹೇರ್‌ಪಿನ್ನು, ಚಪ್ಪಲಿ ಅಂಗಡಿಯಲ್ಲಿ ಚೂಪು ಹಿಮ್ಮಡಿ, ಯಂತ್ರದಲ್ಲಿ ಎರಡೂ ತುದಿಗೆ ತಿರುಪಿನ ಮರೆ ಇರುವ, ತಲೆಯಿಲ್ಲದ ಸ್ಟಡ್ಡು. ಅದನ್ನು ಪಿನ್ನು ಎಂದು ಅನುವಾದಿಸಿದರೆ ಆ ದುರಂತದ ಯಾಂತ್ರಿಕ ಕಾರಣ ಓದುಗನಿಗೆ ಕಾಣದೆ ಹೋಗುತ್ತದೆ. ಪಿನ್ನು ಅಡ್ಡಡ್ಡ ಕತ್ತರಿಸಿಹೋಗುವಂಥದು, ಸ್ಟಡ್ಡು ಎಳೆತಕ್ಕೆ ಸಿಕ್ಕಿ ದಣಿದು ಮುರಿಯುವಂಥದು.

ಮೈಗೆ ತಟ್ಟುವ ಕಂಪನದ ಪದಗಳು ಬೇರೆಯೇ ಇಲಾಖೆ. ಟ್ರ್ಯಾಕ್ಟರ್ ಸೀಟಿನಿಂದ ಇಡೀ ದೇಹಕ್ಕೆ ಬರುವುದು ಇಂಗ್ಲಿಷಿನಲ್ಲಿ ಹೋಲ್ ಬಾಡಿ ವೈಬ್ರೇಷನ್, ಕಲ್ಲು ಕೊರೆಯುವ ಯಂತ್ರದಿಂದ ಕೈಗೆ ಬರುವುದು ಹ್ಯಾಂಡ್ ಆರ್ಮ್ ವೈಬ್ರೇಷನ್. ರಷ್ಯನ್ನಿನಲ್ಲಿ ಅವು ಓಬ್ಷಾಯಾ ಮತ್ತು ಲೊಕಾಲ್ನಾಯಾ, ಅಂದರೆ ಸಾಮಾನ್ಯ ಮತ್ತು ಸ್ಥಳೀಯ. ಜನರಲ್ ವೈಬ್ರೇಷನ್ ಎಂದು ಅನುವಾದವಾದ ಎಷ್ಟೋ ಸಾಲುಗಳಲ್ಲಿ ಹೇಳಬೇಕಾಗಿದ್ದದ್ದು ಇಡೀ ದೇಹದ ಮಾತು.

ಎರವಲೋ ಸ್ವಂತವೋ

ವಾಯುಯಾನದಲ್ಲಿ ರಷ್ಯನ್ ಕೈಚಾಚಿ ಎರವಲು ತಂದಿದೆ. ರೆಕ್ಕೆಯ ಫ್ಲಟರ್ ಫ್ಲಾತ್ತೆರ್ ಆಯಿತು. ವಿಮಾನದ ಮುಂಗಾಲಿ ನೆಲದ ಮೇಲೆ ಅಡ್ಡಡ್ಡ ನಡುಗುವುದಕ್ಕೆ ಇಂಗ್ಲಿಷಿನವರು ಒಂದು ಕುಣಿತದ ಹೆಸರಿನಿಂದ ಶಿಮ್ಮಿ ಎಂದಿದ್ದರು, ಅದೂ ಹಾಗೇ ಬಂತು. ಗಣಿತಜ್ಞ ಮ್ಸ್ತಿಸ್ಲಾವ್ ಕೆಲ್ದಿಷ್ 1945ರಲ್ಲಿ ಮುಂಗಾಲಿಯ ಶಿಮ್ಮಿ ಕುರಿತು ಬರೆದ ಪ್ರಬಂಧ ಪ್ರಸಿದ್ಧ. ಆದರೆ ರಾಕೆಟ್ಟು ಉದ್ದುದ್ದಕ್ಕೆ ಎಗರುವುದಕ್ಕೆ ಅಮೆರಿಕದವರು ಮಕ್ಕಳ ಆಟಿಕೆಯಿಂದ ತೆಗೆದ ಪೋಗೊ ಎಂಬ ಹೆಸರಿನ ಎದುರು ರಷ್ಯನ್ನರು ಉದ್ದುದ್ದ ಕೊಲೆಬಾನಿಯಾ ಎಂಬ ಗಂಭೀರ ವರ್ಣನೆಯನ್ನೇ ಇಟ್ಟುಕೊಂಡರು.

ಕಡಲಿನಲ್ಲಿ ಸ್ವಂತದ್ದೇ ಮೇಲುಗೈ. ಹಡಗಿನ ಓಲಾಟಕ್ಕೆ ಕಾಚ್ಕಾ ಎಂಬ ಒಂದು ಪದ; ಪಕ್ಕಕ್ಕೆ ಓಲಿದರೆ, ಮೂತಿ ಏಳಿಸಿ ಇಳಿಸಿದರೆ, ಇಡಿಯಾಗಿ ಏರಿಳಿದರೆ ಅದಕ್ಕೆ ಒಂದೊಂದು ವಿಶೇಷಣ. ಇಂಗ್ಲಿಷಿನಲ್ಲಿ ರೋಲ್, ಪಿಚ್, ಹೀವ್ ಎಂಬ ಮೂರು ಬಿಡಿ ಪದಗಳಿವೆ, ಅವುಗಳ ಒಡಹುಟ್ಟಿತನ ಹೆಸರಿನಲ್ಲಿ ಕಾಣುವುದಿಲ್ಲ. ಅಲೆಯ ಮೇಲೆ ಹಡಗಿನ ಕಾಚ್ಕಾದ ಸಿದ್ಧಾಂತಕ್ಕಾಗಿಯೇ ಅಲೆಕ್ಸೇಯ್ ಕ್ರಿಲೋವ್‌ಗೆ ಲಂಡನ್ನಿನ ನೌಕಾಶಿಲ್ಪಿಗಳ ಸಂಸ್ಥೆ 1898ರಲ್ಲಿ ಚಿನ್ನದ ಪದಕ ಕೊಟ್ಟಿತು.

ಜರ್ಮನ್ನಿನ ನೆರಳು ಎರಡೂ ಭಾಷೆಗಳ ಮೇಲಿದೆ. ನ್ಯಾಚುರಲ್ ಫ್ರೀಕ್ವೆನ್ಸಿಗೆ ರಷ್ಯನ್ನಿನಲ್ಲಿ ಸೋಬ್ಸ್ತ್ವೆನ್ನಾಯಾ ಚಾಸ್ತೊತಾ, ಅಂದರೆ ಸ್ವಂತ ಆವೃತ್ತಿ. ಜರ್ಮನ್ ಐಗೆನ್ ಎಂಬುದರ ನೇರ ಅನುವಾದ. ಇಂಗ್ಲಿಷ್ ಅದನ್ನು ಐಗೆನ್‌ಫ್ರೀಕ್ವೆನ್ಸಿ ಎಂದು ಅರೆಬರೆ ಎರವಲು ಪಡೆಯಿತು. ಪ್ರಕೃತಿದತ್ತ ಎನ್ನುವುದಕ್ಕಿಂತ ಸ್ವಂತದ್ದು ಎಂಬುದೇ ವಸ್ತುಸ್ಥಿತಿಗೆ ಹತ್ತಿರ ಎಂದು ಈ ಲೇಖಕನ ಎಣಿಕೆ.

ಮಾನಕಗಳು

ಸೋವಿಯತ್ ವಿಜ್ಞಾನ ಅಕಾಡೆಮಿ 1933ರಲ್ಲೇ ತಾಂತ್ರಿಕ ಪರಿಭಾಷೆಗೆ ಸಮಿತಿ ರಚಿಸಿತ್ತು. ಸೆರ್ಗೇಯ್ ಚಪ್ಲೀಗಿನ್ ಅದರ ಮುಖ್ಯಸ್ಥ, ದ್ಮೀತ್ರಿ ಲೊತ್ತೆ ಅದರ ಸಿದ್ಧಾಂತಿ. ಒಂದು ಪದಕ್ಕೆ ಒಂದೇ ಅರ್ಥ, ಒಂದು ಅರ್ಥಕ್ಕೆ ಒಂದೇ ಪದ ಎಂಬುದು ಲೊತ್ತೆಯವರ ಹಟ. ವಿಬ್ರೊಪ್ರೋಚ್ನೊಸ್ತ್ ಮತ್ತು ವಿಬ್ರೊಉಸ್ತೊಯ್ಚಿವೊಸ್ತ್ ಎಂಬ ಜೋಡಿ ಆ ಪರಂಪರೆಯ ಫಲ. ಅದುರಿದರೂ ಮುರಿಯದಿರುವುದು ಮೊದಲನೆಯದು, ಅದುರುತ್ತಿರುವಾಗಲೂ ಕೆಲಸ ತಪ್ಪದಿರುವುದು ಎರಡನೆಯದು. ಮೊಬೈಲು ಬಿದ್ದರೂ ಒಡೆಯಲಿಲ್ಲ ಎನ್ನುವುದಕ್ಕೂ ಬೀಳುತ್ತಿರುವಾಗಲೂ ಕರೆ ಕಡಿಯಲಿಲ್ಲ ಎನ್ನುವುದಕ್ಕೂ ಇರುವ ಅಂತರ ಅದು. ಇಂಗ್ಲಿಷ್ ಕಾಗದಗಳಲ್ಲಿ ಎರಡೂ ವೈಬ್ರೇಷನ್ ರೆಸಿಸ್ಟೆನ್ಸ್ ಆಗಿಬಿಡುವುದುಂಟು. ರಾಕೆಟ್ ವಿನ್ಯಾಸಕ ವ್ಲಾದೀಮಿರ್ ಚೆಲೊಮೇಯ್ ಮುಖ್ಯ ಸಂಪಾದಕರಾಗಿದ್ದ ಆರು ಸಂಪುಟಗಳ 'ವಿಬ್ರಾತ್ಸಿಯಿ ವ್ ತೇಖ್ನಿಕೆ' 1978ರಿಂದ 1981ರ ನಡುವೆ ಬಂತು. ರಷ್ಯನ್ ಪದದ ಬಳಕೆ ನೋಡಲು ಇಂದಿಗೂ ಅದೇ ಒಳ್ಳೆಯ ಆಕರ.

ಯಂತ್ರಾನುವಾದದ ಮೊದಲ ದೊಡ್ಡ ಪ್ರದರ್ಶನವೂ ಇದೇ ಭಾಷಾಜೋಡಿಯದು. 1954ರ ಜನವರಿ 7ರಂದು ನ್ಯೂಯಾರ್ಕಿನಲ್ಲಿ ಐಬಿಎಂ 701 ಗಣಕ 250 ಪದ, ಆರು ವ್ಯಾಕರಣ ನಿಯಮಗಳ ಬಲದಿಂದ ಅರವತ್ತಕ್ಕೂ ಹೆಚ್ಚು ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿತು. ಅದರ ನಂತರವೂ ಸೋವಿಯತ್ ಪತ್ರಿಕೆಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಇಂಗ್ಲಿಷಿಗೆ ತರುವ ಯೋಜನೆಗಳಿಗೆ ಮನುಷ್ಯರೇ ಬೇಕಾದರು. ಅನ್ವಯಿಕ ಗಣಿತ ಮತ್ತು ಯಂತ್ರಶಾಸ್ತ್ರದ ಪತ್ರಿಕೆ ಹೀಗೆ 1958ರಿಂದ ಬರತೊಡಗಿತು.

1947ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒಗೆ ಇಂಗ್ಲಿಷ್, ಫ್ರೆಂಚ್, ರಷ್ಯನ್ ಮೂರೂ ಅಧಿಕೃತ ಭಾಷೆಗಳು. ಅದರ ಕಂಪನ, ಆಘಾತ ಹಾಗೂ ಯಂತ್ರಸ್ಥಿತಿ ಪದಕೋಶದ ಸಂಖ್ಯೆ 2041. ರಷ್ಯಾದಲ್ಲಿ ಅದು ಗೋಸ್ತ್ ಆರ್ ಐಎಸ್‌ಒ 2041-2012 ಎಂಬ ಹೆಸರಿನಲ್ಲಿ ಜಾರಿಗೆ ಬಂತು. ಇಂಗ್ಲಿಷ್ ಶೀರ್ಷಿಕೆಯ ಮಾನಿಟರಿಂಗ್ ಅಲ್ಲಿ ಕೊಂತ್ರೋಲ್ ಆಗಿದೆ, ಸರಿಯಾಗಿಯೇ. ಈ ರಷ್ಯನ್ ಪಠ್ಯಕ್ಕೆ ಆಧಾರ ಐಎಸ್‌ಒದ 2009ರ ಆವೃತ್ತಿ. ಅದನ್ನು ಐಎಸ್‌ಒ 2018ರಲ್ಲಿ ಮತ್ತೆ ಪರಿಷ್ಕರಿಸಿದೆ. ಹಾಗಾಗಿ ಎರಡನ್ನು ಎದುರುಬದುರಿಟ್ಟು ಕೂರುವವರು ಯಾವ ಪದಕ್ಕೂ ಕೈಹಾಕುವ ಮುನ್ನ ಮುಖಪುಟದ ಇಸವಿ ನೋಡಿಕೊಳ್ಳಬೇಕು.